ಡೇಟಾಬೇಸ್ ಖಾಲಿ, ಒಳಗೆ ಒಂದೇ ಒಂದು ಚೀಟಿ: ಸರ್ವರ್ ಮತ್ತೆ ಹೇಗೆ ಕಟ್ಟಲಿ?

ಬೀಜದ_ಬುಟ್ಟಿ · ಸೋಮವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ರಾತ್ರಿಯಿಂದ ನಿದ್ದೆ ಇಲ್ಲ. ಯಾರಾದರೂ ದಾರಿ ತೋರಿಸಿ.

ನಮ್ಮ ತಾಲೂಕಿನಲ್ಲಿ ನಾಟಿ ಭತ್ತದ ಬೀಜ ಉಳಿಸುವ ರೈತರ ಗುಂಪೊಂದಿದೆ. ಯಾರ ಮನೆಯಲ್ಲಿ ಯಾವ ತಳಿ ಎಷ್ಟು ಸೇರು ಇದೆ, ಯಾರು ಯಾರಿಗೆ ಕೊಟ್ಟರು, ಸುಗ್ಗಿ ಆದ ಮೇಲೆ ವಾಪಸ್ ಬಂತಾ, ಸದಸ್ಯರ ಫೋನ್ ನಂಬರ್ ಏನು, ಇದನ್ನೆಲ್ಲ ಬರೆದಿಡಲು ನಾನೇ ಒಂದು ವೆಬ್‌ಸೈಟ್ ಕಟ್ಟಿದ್ದೆ. ಕ್ಲೌಡ್‌ನಲ್ಲಿ 1 ಜಿಬಿ ರ್‍ಯಾಮ್ ಇರುವ ಸಣ್ಣ ಸರ್ವರ್. ಉಬುಂಟು 22.04, ಎಂಜಿನ್‌ಎಕ್ಸ್, ಪಿಎಚ್‌ಪಿ, ಡೇಟಾಬೇಸ್‌ಗೆ ಮೈಎಸ್‌ಕ್ಯೂಎಲ್ 8.0.

ನಮ್ಮ ಗುಂಪಿನ ಮೇಷ್ಟ್ರೊಬ್ಬರು ಮನೆಯಿಂದಲೇ ಡೇಟಾ ತುಂಬಿಸುತ್ತಾರೆ. ಅವರ ಲ್ಯಾಪ್‌ಟಾಪ್‌ನಲ್ಲಿ ಡೇಟಾಬೇಸ್ ತೆರೆದು ತಿದ್ದುವ ಡಿಬೀವರ್ ಅನ್ನುವ ಆ್ಯಪ್ ಹಾಕಿಕೊಟ್ಟಿದ್ದೆ. ಅದು ಸರ್ವರ್‌ಗೆ ಸೇರಲಿ ಅಂತ ಬೈಂಡ್-ಅಡ್ರೆಸ್ (ಮೈಎಸ್‌ಕ್ಯೂಎಲ್ ಯಾವ ವಿಳಾಸದಲ್ಲಿ ಕರೆ ಕೇಳಬೇಕು ಅನ್ನುವ ಸೆಟ್ಟಿಂಗ್) ಅನ್ನು 0.0.0.0, ಅಂದರೆ ಎಲ್ಲ ವಿಳಾಸದಲ್ಲೂ ಅಂತ ಮಾಡಿ, ಫೈರ್‌ವಾಲ್‌ನಲ್ಲಿ ಮೈಎಸ್‌ಕ್ಯೂಎಲ್‌ನ 3306 ಪೋರ್ಟ್ ಎಲ್ಲರಿಗೂ ತೆರೆದೆ. ಅವರ ಐಪಿಗೆ ಮಾತ್ರ ಬಿಡೋಣ ಅಂದರೆ ಅವರದ್ದು ಮೊಬೈಲ್ ಹಾಟ್‌ಸ್ಪಾಟ್, ಐಪಿ ದಿನಾ ಬದಲಾಗುತ್ತಿತ್ತು. ಪಾಸ್‌ವರ್ಡ್ ಮೇಷ್ಟ್ರಿಗೆ ನೆನಪಿರಲಿ ಅಂತ ಸುಲಭದ್ದು ಇಟ್ಟಿದ್ದೆ. ವೆಬ್‌ಸೈಟಿಗೂ ಅದೇ ಯೂಸರ್, ಅದೇ ಪಾಸ್‌ವರ್ಡ್.

ನಿನ್ನೆ ರಾತ್ರಿ ಸೈಟ್ ತೆರೆದರೆ ಎರರ್. ಒಳಗೆ ಹೋಗಿ ನೋಡಿದರೆ ಒಂದು ಟೇಬಲ್ಲೂ ಇಲ್ಲ. ಹೊಸದೊಂದು ಟೇಬಲ್ ಇದೆ, ಅದರಲ್ಲಿ ಒಂದೇ ಸಾಲು. ನಿಮ್ಮ ಡೇಟಾ ನಮ್ಮ ಹತ್ತಿರ ಇದೆ, ಬಿಟ್‌ಕಾಯಿನ್ ಕಳಿಸಿದರೆ ವಾಪಸ್ ಕೊಡುತ್ತೇವೆ ಅಂತ ಇಂಗ್ಲಿಷ್‌ನಲ್ಲಿ ಬರೆದಿದ್ದಾರೆ. ನನ್ನ ಹತ್ತಿರ ಇರುವ ಕೊನೆಯ ಬ್ಯಾಕಪ್ 22 ದಿನ ಹಳೆಯದು. ಈ 22 ದಿನದಲ್ಲೇ ಬಿತ್ತನೆಗೆ ಬೀಜ ಹಂಚಿದ್ದು. ಅದರ ಲೆಕ್ಕ ಬೇರೆಲ್ಲೂ ಇಲ್ಲ.

ದುಡ್ಡು ಕಳಿಸಿದರೆ ಸಿಗುತ್ತದಾ? ಸರ್ವರ್ ಅಳಿಸಿ ಹೊಸದಾಗಿ ಕಟ್ಟಲಾ?

ಹಳೇ_ಟರ್ಮಿನಲ್ · ಬೆಳಿಗ್ಗೆ 7:58

ಸರ್ವರ್ ಅಳಿಸಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಈಗಲೇ ಮೂರು ಕೆಲಸ ಮಾಡಿ. ಕ್ಲೌಡ್ ಕಂಪನಿಯ ಕನ್ಸೋಲ್‌ಗೆ ಹೋಗಿ 3306 ಮುಚ್ಚಿ. ಆಮೇಲೆ ಇಡೀ ಡಿಸ್ಕಿನ ಸ್ನ್ಯಾಪ್‌ಶಾಟ್, ಅಂದರೆ ಈಗ ಇರುವ ಹಾಗೇ ನಕಲು, ತೆಗೆಯಿರಿ. ಅದಾದ ಮೇಲೆ ವಾರ್ ಒಳಗಿನ ಲಿಬ್, ಅದರೊಳಗಿನ ಮೈಎಸ್‌ಕ್ಯೂಎಲ್ ಫೋಲ್ಡರ್‌ನಲ್ಲಿ ಬಿನ್‌ಲಾಗ್ ಅಂತ ಶುರುವಾಗಿ ಸಂಖ್ಯೆಯಲ್ಲಿ ಮುಗಿಯುವ ಫೈಲ್‌ಗಳು ಇವೆಯಾ ನೋಡಿ ಹೇಳಿ.

ದುಡ್ಡು ಖಂಡಿತ ಕಳಿಸಬೇಡಿ. ಇಂಥ ದಾಳಿ ನಡೆಸುವುದು ಮನುಷ್ಯರಲ್ಲ, ಸ್ಕ್ರಿಪ್ಟ್. ತೆರೆದಿರುವ ಪೋರ್ಟ್ ಹುಡುಕುತ್ತದೆ, ಸುಲಭದ ಪಾಸ್‌ವರ್ಡ್ ಹಾಕಿ ನೋಡುತ್ತದೆ, ಒಳಗೆ ಹೋದರೆ ಅಳಿಸಿ ಚೀಟಿ ಇಟ್ಟು ಹೋಗುತ್ತದೆ. ಎಷ್ಟೋ ಸಲ ಅವರು ನಕಲು ಮಾಡಿಕೊಂಡೇ ಇರುವುದಿಲ್ಲ. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳಿಗೆ ಹೀಗೇ ಆಯಿತು. ಮರುತಿಂಗಳು ಮೈಎಸ್‌ಕ್ಯೂಎಲ್ ಸರದಿ. ದುಡ್ಡು ಕೊಟ್ಟ ಹಲವರಿಗೆ ಏನೂ ಸಿಗಲಿಲ್ಲ.

ಬೀಜದ_ಬುಟ್ಟಿ · ಬೆಳಿಗ್ಗೆ 8:31

ಪೋರ್ಟ್ ಮುಚ್ಚಿದೆ. ಸ್ನ್ಯಾಪ್‌ಶಾಟ್ ಆಯಿತು. ಬಿನ್‌ಲಾಗ್ ಅಂತ 4 ಫೈಲ್ ಇವೆ ಸರ್. ನಾನಂತೂ ಅದನ್ನು ಆನ್ ಮಾಡಿದ ನೆನಪಿಲ್ಲ.

ಹಳೇ_ಟರ್ಮಿನಲ್ · ಬೆಳಿಗ್ಗೆ 8:36

ಮೈಎಸ್‌ಕ್ಯೂಎಲ್ 8.0ರಲ್ಲಿ ಅದು ತಾನಾಗಿಯೇ ಆನ್ ಇರುತ್ತದೆ. 5.7ರ ತನಕ ನಾವೇ ಆನ್ ಮಾಡಬೇಕಿತ್ತು. ಡೇಟಾಬೇಸ್‌ನಲ್ಲಿ ಆದ ಪ್ರತಿ ಬದಲಾವಣೆಯೂ, ಸೇರಿಸಿದ್ದು, ತಿದ್ದಿದ್ದು, ಅಳಿಸಿದ್ದು, ಸಾಲಾಗಿ ಅದರಲ್ಲಿ ಬರೆದಿರುತ್ತದೆ. ನಾವಾಗಿ ಬದಲಿಸದಿದ್ದರೆ 30 ದಿನ ಇಟ್ಟುಕೊಳ್ಳುತ್ತದೆ. ನಿಮ್ಮ ಬ್ಯಾಕಪ್ 22 ದಿನದ್ದು. ಅಂದರೆ ಬ್ಯಾಕಪ್ ಮೇಲೆ ಈ ಬಿನ್‌ಲಾಗ್ ಓಡಿಸಿದರೆ ಅಳಿಸುವ ಮುಂಚಿನ ಕ್ಷಣದ ತನಕ ಬರಬಹುದು.

ನಿಮ್ಮ ಆ ಯೂಸರ್‌ಗೆ ಯಾವ ಯಾವ ಹಕ್ಕು ಇತ್ತು? ಇಡೀ ಸರ್ವರಿಗಾ, ಒಂದೇ ಡೇಟಾಬೇಸಿಗಾ?

ಬೀಜದ_ಬುಟ್ಟಿ · ಬೆಳಿಗ್ಗೆ 8:40

ಒಂದೇ ಡೇಟಾಬೇಸಿಗೆ. ಆದರೆ ಅದರಲ್ಲಿ ಎಲ್ಲ ಹಕ್ಕೂ ಇತ್ತು. ಹೋಸ್ಟ್ ಜಾಗದಲ್ಲಿ % ಇತ್ತು, ಅಂದರೆ ಎಲ್ಲಿಂದ ಬೇಕಾದರೂ ಬರಬಹುದಿತ್ತು.

ತುಂಗೆಯ_ತಡಿ · ಬೆಳಿಗ್ಗೆ 9:15

ಅದೊಂದೇ ಕಾರಣಕ್ಕೆ ನಿಮ್ಮ ಬಿನ್‌ಲಾಗ್ ಉಳಿದಿದೆ. ಇಡೀ ಸರ್ವರಿನ ಹಕ್ಕು ಕೊಟ್ಟಿದ್ದರೆ ಅವರು ಬಿನ್‌ಲಾಗನ್ನೂ ಅಳಿಸಿ ಹೋಗಬಹುದಿತ್ತು.

ನಾನು ಡೇಟಾಬೇಸ್ ನೋಡಿಕೊಳ್ಳುವ ಕೆಲಸದಲ್ಲೇ ಇದ್ದೇನೆ. ಇದನ್ನು ಹೊಸ ಸರ್ವರ್‌ನಲ್ಲೋ ನಿಮ್ಮ ಲ್ಯಾಪ್‌ಟಾಪ್‌ನಲ್ಲೋ ಮಾಡಿ, ಹಳೆಯದರ ಮೇಲೆ ಬೇಡ. 4 ಫೈಲನ್ನೂ ಅಲ್ಲಿಗೆ ತಂದುಕೊಳ್ಳಿ. ಮೈಎಸ್‌ಕ್ಯೂಎಲ್‌ಬಿನ್‌ಲಾಗ್ ಅನ್ನುವ ಟೂಲ್ ಮೈಎಸ್‌ಕ್ಯೂಎಲ್ ಜೊತೆಗೇ ಬರುತ್ತದೆ. ಅದರಿಂದ ಕೊನೆಯ ಫೈಲನ್ನು ಟೆಕ್ಸ್ಟ್ ಮಾಡಿ ತೆರೆಯಿರಿ. ನೀವು ಸೇರಿಸಿದ ಸಾಲುಗಳು ಅರ್ಥವಾಗದ ಅಕ್ಷರಗಳಾಗಿ ಕಾಣುತ್ತವೆ, ಗಾಬರಿ ಬೇಡ. ಟೇಬಲ್ ಅಳಿಸಿದ ಆಜ್ಞೆ ಮಾತ್ರ ಓದುವ ಹಾಗೆ ಇರುತ್ತದೆ. ಡ್ರಾಪ್ ಅನ್ನುವ ಪದ ಹುಡುಕಿ. ಅದರ ಮೇಲ್ಗಡೆ ಒಂದು ಪೊಸಿಷನ್ ಸಂಖ್ಯೆ ಇರುತ್ತದೆ. ಅದನ್ನು ಕಾಗದದಲ್ಲಿ ಬರೆದುಕೊಳ್ಳಿ. ಅದೇ ನಿಮ್ಮ ಸ್ಟಾಪ್ ಪೊಸಿಷನ್. ಡ್ರಾಪ್‌ಗಿಂತ ಮೊದಲು ಡಿಲೀಟ್ (ಸಾಲು ಅಳಿಸುವ ಆಜ್ಞೆ) ಏನಾದರೂ ಓಡಿಸಿದ್ದಾರಾ ಅಂತಲೂ ನೋಡಿ.

ಆಮೇಲೆ 22 ದಿನದ ಬ್ಯಾಕಪ್ ಹಾಕಿ. ಅದರ ಮೇಲೆ 4 ಫೈಲನ್ನೂ ಒಂದೇ ಆಜ್ಞೆಯಲ್ಲಿ ಸಾಲಾಗಿ ಕೊಟ್ಟು ಓಡಿಸಿ. ಬ್ಯಾಕಪ್ ತೆಗೆದ ಸಮಯದಿಂದ ಶುರು, ಆ ಪೊಸಿಷನ್‌ಗೆ ನಿಲ್ಲಿಸು ಅಂತ ಹೇಳಬೇಕು.

ಇಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಶುರುವಿನ ಸಮಯವನ್ನು ಆ ಟೂಲ್ ಅದು ಓಡುತ್ತಿರುವ ಯಂತ್ರದ ಗಡಿಯಾರದ ಪ್ರಕಾರ ಓದುತ್ತದೆ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಿಮ್ಮ ಬ್ಯಾಕಪ್ ಫೈಲಿನ ಮೇಲೆ ರಾತ್ರಿ 9:30 ಅಂತ ಇದ್ದು ಅದು ನಮ್ಮ ಸಮಯವಾಗಿದ್ದರೆ, ಅಲ್ಲಿ 16:00 ಅಂತ ಕೊಡಬೇಕು. ಇಲ್ಲದಿದ್ದರೆ ಐದೂವರೆ ಗಂಟೆಯ ಲೆಕ್ಕ ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ಕಡಲ_ಕರೆ · ಬೆಳಿಗ್ಗೆ 10:02

ತುಂಗೆಯ ತಡಿ ಅಕ್ಕ ಹೇಳಿದ್ದು ಹಾಗೇ ಮಾಡಿ. ಜೊತೆಗೆ ಅಕ್ಷರದ ವಿಷಯ. ಬ್ಯಾಕಪ್ ಹಾಕುವಾಗ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಅಂತ ಸ್ಪಷ್ಟವಾಗಿ ಕೊಡಿ. ಎಲ್ಲೋ ಒಂದು ಕಡೆ ಲ್ಯಾಟಿನ್1 ಇದ್ದುಬಿಟ್ಟರೆ ಕನ್ನಡ ಎಲ್ಲ ಪ್ರಶ್ನೆ ಚಿಹ್ನೆ ಆಗುತ್ತದೆ, ಆಮೇಲೆ ಅದನ್ನು ಸರಿ ಮಾಡಲು ಆಗುವುದಿಲ್ಲ. ಮೈಎಸ್‌ಕ್ಯೂಎಲ್‌ನ ಹಳೇ ಯುಟಿಎಫ್8ಗೆ ಒಂದು ಅಕ್ಷರಕ್ಕೆ 3 ಬೈಟ್ ಮಿತಿ. ಕನ್ನಡಕ್ಕೆ ಅಷ್ಟು ಸಾಕು, ಆದರೆ ಯಾರಾದರೂ ಇಮೋಜಿ ಹಾಕಿದರೆ ಎರರ್ ಬರುತ್ತದೆ.

ಕಾಲಮ್ಮಿನ ಉದ್ದ ಇಡುವಾಗಲೂ ನೋಡಿ. "ರತ್ನಚೂಡಿ" ನಮ್ಮ ಕಣ್ಣಿಗೆ 4 ಅಕ್ಷರ. ಡೇಟಾಬೇಸಿಗೆ ರ, ತ, ಅರ್ಧಾಕ್ಷರದ ಚಿಹ್ನೆ (ವಿರಾಮ), ನ, ಚ, ಊಕಾರದ ಚಿಹ್ನೆ, ಡ, ಇಕಾರದ ಚಿಹ್ನೆ ಅಂತ 8. ಬೈಟ್ ಲೆಕ್ಕದಲ್ಲಿ 24. ಹೆಸರಿಗೆ 10 ಅಂತ ಉದ್ದ ಇಟ್ಟರೆ ನಮ್ಮ ಊರಿನ ಹೆಸರುಗಳೇ ಹಿಡಿಸುವುದಿಲ್ಲ.

ಬೀಜದ_ಬುಟ್ಟಿ · ಮಧ್ಯಾಹ್ನ 3:20

ಬಂತು!! ಸರ್, ಅಕ್ಕ, ಬಂತು. ಡ್ರಾಪ್ ಸಿಕ್ಕಿತು, ಅದಕ್ಕೆ ಮುಂಚೆ ಡಿಲೀಟ್ ಇರಲಿಲ್ಲ. ಮೊದಲ ಸಲ ಸಮಯ ತಪ್ಪು ಕೊಟ್ಟಿದ್ದೆ, ಅಕ್ಕ ಹೇಳಿದ ಹಾಗೇ 6 ಸಾಲು ಕಡಿಮೆ ಬಂದವು. ಡೇಟಾಬೇಸ್ ಅಳಿಸಿ ಮತ್ತೆ ಬ್ಯಾಕಪ್‌ನಿಂದ ಶುರು ಮಾಡಿದೆ, ಎಲ್ಲ ಬಂತು. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ, ಅವರು ಒಂದು ನಿಮಿಷ ಮಾತೇ ಆಡಲಿಲ್ಲ.

ಈಗ ಹೊಸ ಸರ್ವರ್ ಸರಿಯಾಗಿ ಕಟ್ಟಬೇಕು. 3306 ಬದಲು ಬೇರೆ ಪೋರ್ಟ್ ಸಂಖ್ಯೆ ಇಟ್ಟರೆ ಸಾಕಾ? ಮೇಷ್ಟ್ರು ಮನೆಯಿಂದಲೇ ಕೆಲಸ ಮಾಡಬೇಕು.

ಹಳೇ_ಟರ್ಮಿನಲ್ · ಮಧ್ಯಾಹ್ನ 3:44

ಓದಿ ತುಂಬಾ ಖುಷಿಯಾಯಿತು.

ಪೋರ್ಟ್ ಬದಲಿಸಿದರೆ ಸಾಲದು. ಸ್ಕ್ಯಾನ್ ಮಾಡುವವರು 65,535 ಪೋರ್ಟನ್ನೂ ನೋಡುತ್ತಾರೆ, ಮೈಎಸ್‌ಕ್ಯೂಎಲ್ ಮೊದಲ ಮಾತಿಗೇ ತನ್ನ ವರ್ಷನ್ ಹೇಳಿಬಿಡುತ್ತದೆ. ಡೇಟಾಬೇಸ್ ಇಂಟರ್ನೆಟ್ಟಿಗೆ ಕಾಣಲೇಬಾರದು. ಮನೆಗೆ ಒಂದೇ ಮುಂಬಾಗಿಲು ಇರಲಿ, ಅದು ಎಸ್‌ಎಸ್‌ಎಚ್, ದೂರದಿಂದ ಸರ್ವರ್ ಒಳಗೆ ಭದ್ರವಾಗಿ ಹೋಗುವ ದಾರಿ. ಕಣಜ ಒಳಗಿನ ಕೋಣೆಯಲ್ಲಿರಲಿ.

ಬೈಂಡ್-ಅಡ್ರೆಸ್ ಮತ್ತೆ 127.0.0.1 ಮಾಡಿ, ಅಂದರೆ ಅದೇ ಯಂತ್ರದ ಒಳಗಿನಿಂದ ಮಾತ್ರ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಹಾಕಿದಾಗ ಅದು ಹಾಗೇ ಇರುತ್ತದೆ, ಕೆಡಿಸುವುದು ನಾವೇ. ಹೊರಗಿನ ಫೈರ್‌ವಾಲ್‌ನಲ್ಲಿ 22 (ಎಸ್‌ಎಸ್‌ಎಚ್), 80 ಮತ್ತು 443 (ವೆಬ್‌ಸೈಟ್) ಮಾತ್ರ. 80 ಯಾಕೆ ಅಂದರೆ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಸಾಮಾನ್ಯವಾಗಿ ಆ ದಾರಿಯಲ್ಲೇ ನವೀಕರಣ ಆಗುತ್ತದೆ. ಒಂದು ವಿಷಯ ಎಲ್ಲರೂ ಗಮನಿಸಿ. ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್‌ನಲ್ಲಿ ಹೊಸ ಸೆಕ್ಯುರಿಟಿ ಗ್ರೂಪ್ (ಅಲ್ಲಿನ ಫೈರ್‌ವಾಲ್) ಮಾಡಿದರೆ ಒಳಬರುವ ದಾರಿ ಎಲ್ಲ ಮುಚ್ಚಿರುತ್ತದೆ, ನಾವೇ ತೆರೆಯಬೇಕು. ಡಿಜಿಟಲ್‌ಓಷನ್ ತರಹದ ಕಡೆ ಫೈರ್‌ವಾಲನ್ನು ನಾವೇ ಮಾಡಿ ಸರ್ವರಿಗೆ ಜೋಡಿಸಬೇಕು, ಇಲ್ಲದಿದ್ದರೆ ಎಲ್ಲ ತೆರೆದೇ ಇರುತ್ತದೆ. ಒಂದು ಕಡೆ ಕಲಿತವರು ಇನ್ನೊಂದು ಕಡೆ ಹೋದಾಗ ಇಲ್ಲೇ ಎಡವುತ್ತಾರೆ.

ಸರ್ವರ್ ಒಳಗೆ ಉಬುಂಟುವಿನದೇ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಕೂಡ ಆನ್ ಮಾಡಿ. ಆದರೆ ಮೊದಲು 22ಕ್ಕೆ ಅನುಮತಿ ಕೊಟ್ಟು ಆಮೇಲೆ ಆನ್ ಮಾಡಿ, ಇಲ್ಲದಿದ್ದರೆ ನೀವೇ ಹೊರಗೆ ಉಳಿಯುತ್ತೀರಿ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ, ಕೀ (ಪಾಸ್‌ವರ್ಡ್ ಬದಲಿಗೆ ಬಳಸುವ ಗುಪ್ತ ಫೈಲ್) ಮಾತ್ರ.

ಕಡಲ_ಕರೆ · ಸಂಜೆ 5:10

ಪ್ರೋಗ್ರಾಮ್‌ಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಬಳಸುವವರಿಗೆ ಒಂದು ಮಾತು, ಈ ಥ್ರೆಡ್ ಓದುವ ಬೇರೆಯವರಿಗೂ ಬೇಕಾಗುತ್ತದೆ. ಡಾಕರ್‌ನಲ್ಲಿ ಪೋರ್ಟನ್ನು 3306:3306 ಅಂತ ಕೊಟ್ಟರೆ ಅದು ಲಿನಕ್ಸ್‌ನ ಫೈರ್‌ವಾಲ್ ಪಟ್ಟಿ ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಬರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯೂ ಮುಚ್ಚಿದೆ ಅಂತ ತೋರಿಸುತ್ತದೆ, ಪೋರ್ಟ್ ಮಾತ್ರ ಜಗತ್ತಿಗೆಲ್ಲ ತೆರೆದಿರುತ್ತದೆ. ನಾನು ಎರಡು ತಿಂಗಳು ಹೀಗೇ ಇದ್ದೆ, ಗೊತ್ತೇ ಇರಲಿಲ್ಲ. 127.0.0.1:3306:3306 ಅಂತ ಬರೆಯಿರಿ. ಪಿಎಚ್‌ಪಿ ಕೂಡ ಡಾಕರ್ ಒಳಗೇ ಇದ್ದರೆ ಪೋರ್ಟ್ ಹೊರಗೆ ಕೊಡುವುದೇ ಬೇಡ, ಒಂದೇ ನೆಟ್‌ವರ್ಕಿನಲ್ಲಿ ಹೆಸರಿನಿಂದಲೇ ಸಿಗುತ್ತದೆ.

ಹೊರನಾಡಿನವ · ಸಂಜೆ 6:25

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಇಷ್ಟೆಲ್ಲ ಕಷ್ಟ ಯಾಕೆ? ಡೇಟಾಬೇಸನ್ನು ಅವರೇ ನೋಡಿಕೊಳ್ಳುವ, ಎಡಬ್ಲ್ಯೂಎಸ್‌ನ ಆರ್‌ಡಿಎಸ್ ತರಹದ ಸೇವೆ ತೆಗೆದುಕೊಳ್ಳಿ. ದಿನಾ ಬ್ಯಾಕಪ್ ಅದೇ ಮಾಡುತ್ತದೆ, 35 ದಿನದ ತನಕ ಇಡಬಹುದು, ಯಾವ ನಿಮಿಷಕ್ಕೆ ಬೇಕಾದರೂ ಹಿಂದೆ ಹೋಗಬಹುದು.

ಬೀಜದ_ಬುಟ್ಟಿ · ಸಂಜೆ 6:40

ಅಣ್ಣ, ನಮ್ಮ ಗುಂಪಿನ ಚಂದಾ ವರ್ಷಕ್ಕೆ ಮನೆಗೆ 100 ರೂಪಾಯಿ. ಈ ಸರ್ವರ್ ಖರ್ಚೇ ಕಷ್ಟದಲ್ಲಿ ಹೊಂದುತ್ತಿದೆ.

ತುಂಗೆಯ_ತಡಿ · ರಾತ್ರಿ 9:05

ಹೊರನಾಡಿನವರ ಮಾತು ದೊಡ್ಡ ಸೈಟಿಗೆ ಸರಿ. ಆದರೆ ಅಲ್ಲೂ ಪಬ್ಲಿಕ್ ಆಕ್ಸೆಸ್ ಹೌದು ಅಂತ ಕೊಟ್ಟು, ಸೆಕ್ಯುರಿಟಿ ಗ್ರೂಪ್‌ನಲ್ಲಿ ಎಲ್ಲರಿಗೂ ಬಿಟ್ಟು, ಸುಲಭದ ಪಾಸ್‌ವರ್ಡ್ ಇಟ್ಟರೆ ಇದೇ ಕಥೆ. ಯಾರಿಗೆ ಏನು ಹಕ್ಕು ಅನ್ನುವುದನ್ನು ಯಾವ ಸೇವೆಯೂ ನಮ್ಮ ಪರವಾಗಿ ಯೋಚಿಸುವುದಿಲ್ಲ. ನನಗೆ ಇಡೀ ಥ್ರೆಡ್‌ನಲ್ಲಿ ಮುಖ್ಯ ಅನಿಸಿದ್ದು ಇದೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಒಂದೇ ಯೂಸರ್, ಎಲ್ಲರಿಗೂ ಅದೇ, ಎಲ್ಲ ಹಕ್ಕೂ. ಇದನ್ನು ಬಿಡಬೇಕು. ಮನೆಯಲ್ಲಿ ಹಾಲಿನವರಿಗೆ ತಿಜೋರಿ ಬೀಗದ ಕೈ ಕೊಡುತ್ತೇವಾ? ನಿಮ್ಮ ಸೈಟಿಗೆ ನಾಲ್ಕು ಯೂಸರ್ ಬೇಕು.

ವೆಬ್‌ಸೈಟಿಗೆ ಒಂದು. ಅದಕ್ಕೆ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ (ಸಾಲು ಓದುವುದು, ಸೇರಿಸುವುದು, ತಿದ್ದುವುದು, ಅಳಿಸುವುದು) ಸಾಕು. ನಿಮ್ಮ ಪಿಎಚ್‌ಪಿಯಲ್ಲಿ ಯಾವುದೋ ತೂತಿನಿಂದ ಯಾರಾದರೂ ಒಳಗೆ ಬಂದರೂ ಟೇಬಲ್ ಡ್ರಾಪ್ ಮಾಡಲು ಆಗುವುದಿಲ್ಲ. ಸಾಲು ಅಳಿಸಬಹುದು, ಅದು ನಿಜ. ನಿಮ್ಮ ಸೈಟ್ ಯಾವತ್ತೂ ಸಾಲು ಅಳಿಸುವುದಿಲ್ಲ ಅಂತಾದರೆ ಡಿಲೀಟ್ ಕೂಡ ತೆಗೆಯಿರಿ. ವರ್ಡ್‌ಪ್ರೆಸ್ ಬಳಸುವವರು ಇದನ್ನು ಹೀಗೇ ಮಾಡಬೇಡಿ, ಅದರ ಅಪ್‌ಡೇಟ್‌ಗೆ ಟೇಬಲ್ ಬದಲಿಸುವ ಹಕ್ಕು ಬೇಕಾಗುತ್ತದೆ.

ಮೇಷ್ಟ್ರಿಗೆ ಒಂದು. ಅವರು ಮುಟ್ಟುವ ಟೇಬಲ್ಲಿಗೆ ಮಾತ್ರ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್. ಸದಸ್ಯರ ಫೋನ್ ನಂಬರ್ ಇರುವ ಟೇಬಲ್ ಅವರಿಗೆ ಬೇಡ. ಇದು ಮೇಷ್ಟ್ರ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಅವರ ಲ್ಯಾಪ್‌ಟಾಪ್ ಕಳೆದುಹೋದ ದಿನ ಅವರಿಗೇ ಇದರಿಂದ ನೆಮ್ಮದಿ.

ಬ್ಯಾಕಪ್‌ಗೆ ಒಂದು. ಓದುವ ಹಕ್ಕು, ಟೇಬಲ್ ಲಾಕ್ ಮಾಡುವ ಹಕ್ಕು, ವ್ಯೂ, ಟ್ರಿಗರ್. 8.0.21ರಿಂದ ಬ್ಯಾಕಪ್ ತೆಗೆಯುವ ಟೂಲ್ ಮೈಎಸ್‌ಕ್ಯೂಎಲ್‌ಡಂಪ್, ಪ್ರೋಸೆಸ್ ಅನ್ನುವ ಹಕ್ಕು ಕೇಳುತ್ತದೆ. ಅದನ್ನು ಕೊಡುವ ಬದಲು ನೋ-ಟೇಬಲ್‌ಸ್ಪೇಸಸ್ ಅನ್ನುವ ಆಯ್ಕೆ ಹಾಕಿ. ನಾಲ್ಕನೆಯದು ನಿಮಗೆ, ಟೇಬಲ್ ರಚನೆ ಬದಲಿಸುವಾಗ ಮಾತ್ರ ಬಳಸಲು.

ನಾಲ್ಕರಲ್ಲೂ ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್ ಇರಲಿ, % ಬೇಡ. 8.0ರಲ್ಲಿ ಗ್ರಾಂಟ್ ಆಜ್ಞೆ ಹೊಸ ಯೂಸರ್ ಹುಟ್ಟಿಸುವುದಿಲ್ಲ, ಮೊದಲು ಕ್ರಿಯೇಟ್ ಯೂಸರ್ ಮಾಡಬೇಕು. ಗ್ರಾಂಟ್ ಆದ ಮೇಲೆ ಫ್ಲಶ್ ಪ್ರಿವಿಲೇಜಸ್ ಅಂತ ಎಲ್ಲ ಕಡೆ ಬರೆದಿರುತ್ತಾರೆ, ಅದರ ಅಗತ್ಯ ಇಲ್ಲ. ಕೊನೆಗೆ ಪ್ರತಿ ಯೂಸರಿಗೂ ಶೋ ಗ್ರಾಂಟ್ಸ್ ಕೊಟ್ಟು ಕಣ್ಣಾರೆ ನೋಡಿ.

ಮೇಷ್ಟ್ರು ಮನೆಯಿಂದ ಬರಲು ಎಸ್‌ಎಸ್‌ಎಚ್ ಟನಲ್, ಅಂದರೆ ಎಸ್‌ಎಸ್‌ಎಚ್ ಒಳಗಿನಿಂದಲೇ ಡೇಟಾಬೇಸ್ ತಲುಪುವ ಸುರಂಗ. ಡಿಬೀವರ್‌ನಲ್ಲಿ ಕನೆಕ್ಷನ್ ಸೆಟ್ಟಿಂಗ್ಸ್ ಒಳಗೆ ಎಸ್‌ಎಸ್‌ಎಚ್ ಅಂತ ಒಂದು ಟ್ಯಾಬ್ ಇದೆ. ಅಲ್ಲಿ ಸರ್ವರ್ ಹೆಸರು, ಅವರ ಕೀ ಫೈಲ್ ಕೊಡಿ. ಮುಖ್ಯ ಪುಟದಲ್ಲಿ ಹೋಸ್ಟ್ 127.0.0.1 ಇರಲಿ. ಐಪಿ ದಿನಾ ಬದಲಾದರೂ ಪರವಾಗಿಲ್ಲ, ಕೀ ಒಂದೇ ಇರುತ್ತದಲ್ವಾ. ಸರ್ವರ್‌ನಲ್ಲಿ ಅವರ ಲಿನಕ್ಸ್ ಯೂಸರಿಗೆ ಪರ್ಮಿಟ್‌ಓಪನ್ ನಿಯಮ ಹಾಕಿ, 127.0.0.1:3306 ಬಿಟ್ಟು ಬೇರೆಲ್ಲಿಗೂ ಟನಲ್ ಹೋಗದ ಹಾಗೆ. ಶೆಲ್ (ಆಜ್ಞೆ ಓಡಿಸುವ ಜಾಗ) ಬೇಡ, ಸುಡೊ (ಅಡ್ಮಿನ್ ಹಕ್ಕು) ಅಂತೂ ಬೇಡವೇ ಬೇಡ.

ಹಳೇ_ಟರ್ಮಿನಲ್ · ರಾತ್ರಿ 9:30

ಇದನ್ನು ಪ್ರಿಂಟ್ ತೆಗೆದು ಅಂಟಿಸಿಕೊಳ್ಳುವ ಹಾಗಿದೆ. ಎರಡು ಸಣ್ಣದು ಸೇರಿಸುತ್ತೇನೆ.

ಪಾಸ್‌ವರ್ಡ್ ಇರುವ ಫೈಲ್ ವೆಬ್ ಫೋಲ್ಡರಿನ ಹೊರಗಿರಲಿ. ಪಾಸ್‌ವರ್ಡ್ ಇಡುವ, ಚುಕ್ಕಿಯಿಂದ ಶುರುವಾಗುವ ಎನ್ವ್ (.env) ಫೈಲನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ಹಾಗೇ ತೆರೆಯುವ ಸೈಟ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೋಡ್ ಇಡುವ ಗಿಟ್‌ಗೂ ಅದು ಹೋಗಬಾರದು. 1 ಜಿಬಿ ರ್‍ಯಾಮ್‌ನಲ್ಲಿ ಮೈಎಸ್‌ಕ್ಯೂಎಲ್ 8 ಬಿಗಿಯಾಗುತ್ತದೆ, ಮೆಮೊರಿ ಮುಗಿದರೆ ಕರ್ನಲ್ ಮೊದಲು ಕೊಲ್ಲುವುದು ಹೆಚ್ಚಾಗಿ ಅದನ್ನೇ. 1 ಜಿಬಿ ಸ್ವಾಪ್ (ರ್‍ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಹಾಕಿ.

ಇನ್ನು ಬ್ಯಾಕಪ್. ದಿನಾ ರಾತ್ರಿ ತೆಗೆಯಿರಿ, ಸರ್ವರ್ ಹೊರಗೆ ಇಡಿ, ತಿಂಗಳಿಗೊಮ್ಮೆ ಲ್ಯಾಪ್‌ಟಾಪ್‌ನಲ್ಲಿ ಹಾಕಿ ತೆರೆದು ನೋಡಿ. 2017ರ ಜನವರಿ 31ರಂದು ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಕೆಲಸದ ನಡುವೆ ತಪ್ಪು ಸರ್ವರ್‌ನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿಹೋಯಿತು. ದಿನಾ ತೆಗೆಯುತ್ತಿದ್ದ ಡಂಪ್ (ಬ್ಯಾಕಪ್ ಫೈಲ್) ಹಾಕೋಣ ಅಂದರೆ ಅದು ಇರಲೇ ಇಲ್ಲ. ಡಂಪ್ ಟೂಲಿನ ವರ್ಷನ್ 9.2, ಡೇಟಾಬೇಸ್ 9.6, ಹಾಗಾಗಿ ಅದು ಪ್ರತಿ ಸಲ ಸೋಲುತ್ತಿತ್ತು. ಸೋತಿದ್ದೇನೆ ಅಂತ ಹೇಳುವ ಇಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಒಬ್ಬರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ತೆಗೆದಿದ್ದ ಸ್ನ್ಯಾಪ್‌ಶಾಟ್ ಉಳಿಸಿತು. ಇದನ್ನೆಲ್ಲ ಅವರೇ ಮುಚ್ಚಿಡದೆ ಬರೆದುಕೊಂಡರು, ಅದಕ್ಕೆ ಅವರ ಮೇಲೆ ನನಗೆ ಗೌರವ.

ಹೊರನಾಡಿನವ · ರಾತ್ರಿ 11:50

ಒಂದು ಪ್ರಶ್ನೆ. ಬೀಜದ ಬುಟ್ಟಿಯವರೇ, ಸದಸ್ಯರ ಫೋನ್ ನಂಬರ್ ಇತ್ತು ಅಂದಿರಿ. ಅವರಿಗೆ ಹೇಳಿದಿರಾ? ನಕಲು ಹೋಗಿದೆಯೋ ಇಲ್ಲವೋ ಖಚಿತವಾಗಿ ಹೇಳಲಾಗುವುದಿಲ್ಲ. ನಾಳೆ ಯಾರಾದರೂ ಅವರಿಗೆ ಬೀಜದ ಸಬ್ಸಿಡಿ ಅಂತ ಫೋನ್ ಮಾಡಿ ಓಟಿಪಿ ಕೇಳಿದರೆ? 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯಲ್ಲೂ ಹೀಗಾದಾಗ ಸಂಬಂಧಪಟ್ಟವರಿಗೆ ತಿಳಿಸಬೇಕು ಅಂತಿದೆ. ಕಾಯ್ದೆ ಬಿಡಿ, ಅವರು ನಿಮ್ಮನ್ನು ನಂಬಿ ಕೊಟ್ಟ ನಂಬರ್ ಅದು.

ಬೀಜದ_ಬುಟ್ಟಿ · ಗುರುವಾರ, ರಾತ್ರಿ 8:15

ಮೂರು ದಿನ ಕೆಲಸ ಮುಗಿಸಿ ರಾತ್ರಿ ಕೂತು ಎಲ್ಲ ಮಾಡಿದೆ. ಹೊರನಾಡಿನ ಅಣ್ಣ ಹೇಳಿದ ಮೇಲೆ ಮಂಗಳವಾರವೇ ಪ್ರತಿ ಮನೆಗೂ ಫೋನ್ ಮಾಡಿದೆ. ಯಾರೂ ಬೈಯಲಿಲ್ಲ. ಒಬ್ಬ ಅಜ್ಜಿ ಮಾತ್ರ, "ಮಗಾ, ನನ್ನ ಗಂಧಸಾಲೆ ಲೆಕ್ಕ ಇದೆಯಾ ಹಾಗಾದರೆ?" ಅಂತ ಕೇಳಿದರು. ಇದೆ ಅಂದೆ.

ಹೊಸ ಸರ್ವರ್ ಎದ್ದಿದೆ. ಹಳೆಯದನ್ನು ನಂಬಲಿಲ್ಲ, ಅದರಿಂದ ಡೇಟಾ ಮಾತ್ರ ತಂದೆ. ನಾಲ್ಕು ಯೂಸರ್, ನಾಲ್ಕಕ್ಕೂ ಬೇರೆ ಬೇರೆ ಉದ್ದದ ಪಾಸ್‌ವರ್ಡ್. ಮೊಬೈಲ್ ಹಾಟ್‌ಸ್ಪಾಟ್‌ನಿಂದ, ತೆರೆದ ಪೋರ್ಟ್ ಹುಡುಕುವ ಟೂಲ್ ಎನ್‌ಮ್ಯಾಪ್ ಓಡಿಸಿ ನೋಡಿದೆ. 22, 80, 443, ಅಷ್ಟೇ ಕಾಣಿಸಿತು. ಮೇಷ್ಟ್ರ ಯೂಸರಿನಿಂದ ಬೇಕಂತಲೇ ಒಂದು ಖಾಲಿ ಟೇಬಲ್ ಡ್ರಾಪ್ ಮಾಡಲು ನೋಡಿದೆ, ಆಗುವುದಿಲ್ಲ ಅಂತ ಬಂತು. ಸದಸ್ಯರ ಟೇಬಲ್ ಅವರಿಗೆ ಕಾಣುವುದೇ ಇಲ್ಲ. ನಿನ್ನೆ ರಾತ್ರಿಯ ಬ್ಯಾಕಪ್ಪನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ ತೆರೆದೆ, ಸಾಲಿನ ಲೆಕ್ಕ ಎರಡು ಕಡೆಯೂ ಒಂದೇ.

ಸಂಜೆ ಮೇಷ್ಟ್ರ ಮನೆಗೆ ಹೋಗಿ ಕೀ ಫೈಲ್ ಹಾಕಿಕೊಟ್ಟೆ. ಮೊದಲ ಸಲ ಕನೆಕ್ಟ್ ಆಗಲಿಲ್ಲ. ಹೋಸ್ಟ್ ಜಾಗದಲ್ಲಿ ಹಳೇ ಸರ್ವರ್ ಹೆಸರೇ ಉಳಿದಿತ್ತು. 127.0.0.1 ಮಾಡಿದೆ, ಹಸಿರು ಟಿಕ್ ಬಂತು. ಮೇಷ್ಟ್ರು ಕನ್ನಡಕ ಏರಿಸಿಕೊಂಡು, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಒಂದೊಂದೇ ಅಕ್ಷರ ಟೈಪ್ ಮಾಡಿದರು: ರತ್ನಚೂಡಿ, 3 ಸೇರು, ಕೊಟ್ಟಿದ್ದು. ಸೇವ್ ಆಯಿತು.

ತುಂಗೆಯ_ತಡಿ · ಗುರುವಾರ, ರಾತ್ರಿ 8:40

ಮೇಷ್ಟ್ರ ಕೀ ಫೈಲಿಗೆ ಪಾಸ್‌ಫ್ರೇಸ್ (ಅದನ್ನು ತೆರೆಯುವ ಪಾಸ್‌ವರ್ಡ್) ಇಟ್ಟಿದ್ದೀರಲ್ವಾ?

ಬೀಜದ_ಬುಟ್ಟಿ · ಗುರುವಾರ, ರಾತ್ರಿ 8:42

ಇಟ್ಟಿದ್ದೇನೆ ಅಕ್ಕ. ಈ ಸಲ ಉದ್ದದ್ದು. ಮೇಷ್ಟ್ರೇ ಯೋಚಿಸಿದ್ದು, ನನಗೂ ಹೇಳಲಿಲ್ಲ.